ಏಳನೆಯ ಪ್ರಶ್ನೆಗೆ ಮೈಮುನಾ ಕೊಟ್ಟ ಉತ್ತರ

ಉಪ್ಪಿನ ಓಣಿ, ಕೈಫೆಂಗ್
೯ ನವೆಂಬರ್ ೧೯೮೬

ಮೈಮುನಾ,

ನೀನು ಇನ್ನೂ ಬದುಕಿದ್ದೀಯೆಂದು ನನಗೆ ಒಂದು ರೊಟ್ಟಿಯಿಂದ ಗೊತ್ತಾಯಿತು. ಹೋದ ಶುಕ್ರವಾರ ನಿಮ್ಮ ಕಡೆಯ ಉಣ್ಣೆ ವ್ಯಾಪಾರಿಯೊಬ್ಬ ಇಲ್ಲಿಯ ಗಂಡಸರ ಮಸೀದಿಗೆ ಬಂದಿದ್ದ. ನಮಾಜು ಮುಗಿಸಿ ನನ್ನ ಒಲೆಯ ಮುಂದೆ ನಿಂತು ಎಳ್ಳುರೊಟ್ಟಿ ತಿಂದು, "ಅಜ್ಜೀ, ಇಂಥ ರೊಟ್ಟಿ ನಮ್ ಲಿನ್‌ಶಿಯಾದಲ್ಲಿ ಮಾಡೋದು ಒಬ್ಬಳೇ ಮುದುಕಿ. ಅವಳೂ ನಿಮ್ ಹಾಗೇ ಮಾತಿನ ಕೊನೇನ ಎಳೀತಾಳೆ," ಎಂದ.

"ಅವಳ ಎಡಹುಬ್ಬು ಎರಡು ತುಂಡಾಗಿದೆಯೇನಪ್ಪಾ?" ಎಂದು ಕೇಳಿದೆ.

"ಹೌದಲ್ಲ, ನಿಮಗ್ ಹೆಂಗೆ ಗೊತ್ತು?" ಎಂದ.

ಕೈಕಾಲು ತೊಳೆಯುವ ತಾಮ್ರದ ಹೂಜಿಯ ಮುಚ್ಚಳ ಎಸೆದು ಆ ಹುಬ್ಬನ್ನು ತುಂಡು ಮಾಡಿದವಳು ನಾನೇ ಎಂದು ಅವನಿಗೆ ಹೇಳಲಿಲ್ಲ. ಇನ್ನೊಂದು ರೊಟ್ಟಿ ಕೊಟ್ಟು ನಿನ್ನ ವಿಳಾಸ ಬರೆಸಿಕೊಂಡೆ.

ಗುರುತಾಯಿ ಕಲಿಸಿದ ಕುರಾನಿನ ಅಕ್ಷರಗಳಲ್ಲೇ ನಮ್ಮ ಮಾತನ್ನು ಬರೆಯುತ್ತಿದ್ದೇನೆ. ಚೀನೀ ಅಕ್ಷರ ನನಗೆ ಇವತ್ತಿಗೂ ಬಾರದು. ಲಕೋಟೆಯ ಮೇಲೆ ಬರೆದವಳು ಮೊಮ್ಮಗಳು ಲಾನ್. ಈ ಕಾಗದ ನೋಡಿ ಅವಳು, "ಅಜ್ಜೀ, ಇರುವೆ ಸಾಲು ಮಸೀಲಿ ಬಿದ್ದು ಎದ್ದು ಹೋದ ಹಾಗಿದೆ," ಎಂದಳು. ಒಳ್ಳೆಯದಾಯಿತು. ನಾನು ಏನು ಬರೆದರೂ ಮನೆಯಲ್ಲಿ ಯಾರೂ ಓದಲಾರರು. ನಿನಗೆ ಆ ಅಕ್ಷರ ಮರೆತಿದ್ದರೆ ಮಾತ್ರ ಕಷ್ಟ. ನಿನಗೆ ಮರೆವು ಹಳೆಯ ಕಾಯಿಲೆಯಲ್ಲವೇ.

ವಿಷಯಕ್ಕೆ ಬರುತ್ತೇನೆ. ನಮ್ಮ ಹೆಂಗಸರ ಮಸೀದಿ ಮತ್ತೆ ತೆರೆದು ಮೂರು ವರ್ಷವಾಯಿತು. ನಡುವೆ ಹದಿನಾರು ವರ್ಷ ಅಲ್ಲಿ ಕಾಲುಚೀಲ ಹೆಣೆಯುತ್ತಿದ್ದರು. ಈಗಲೂ ಚಾಪೆ ಎತ್ತಿದರೆ ಉಣ್ಣೆಯ ಎಳೆ ಸಿಗುತ್ತದೆ. ಹೊಸ ಹೆಣ್ಣು ಆಹುಂಗ್ ಬಂದಿದ್ದಾಳೆ, ಸಾಯ್ ಎಂದು ಹೆಸರು. ಮೂವತ್ತೊಂದು ವಯಸ್ಸು, ಕಡ್ಡಿಯಂಥ ಮೈ, ಗಂಟೆಯಂಥ ದನಿ. ಸಾಲಿನ ನಡುವೆ ನಿಂತು ನಮಗೆ ನಮಾಜು ಮಾಡಿಸುತ್ತಾಳೆ, ಮುದುಕಿಯರಿಗೆ ಕುರಾನು ಓದಿಸುತ್ತಾಳೆ. ಬರುವ ರಂಜಾನಿನ ಹದಿನಾಲ್ಕರಂದು, ಪೈಗಂಬರರ ಮಗಳು ಅಮ್ಮ ಫಾತಿಮಾಳ ದಿನ, ಹಿಂದಿನಂತೆ 'ಏಳು ಪ್ರಶ್ನೆಯ ಹಾಡು' ಹೇಳಬೇಕೆಂದು ಅವಳಿಗೆ ಆಸೆ. "ನನಗೆ ಬರುತ್ತದೆ" ಎಂದು ನಾನು ಎಲ್ಲರ ಮುಂದೆ ಹೇಳಿಬಿಟ್ಟೆ. ಬರುವುದು ಅರ್ಧ. ಪ್ರಶ್ನೆಗಳು ಏಳೂ ನನ್ನ ಬಳಿ ಇವೆ. ಉತ್ತರಗಳು ನಿನ್ನ ಬಳಿ.

ಗಂಡಸರ ಮಸೀದಿಯ ಹಿರಿಯ ಮೂ ಇದ್ದಾನಲ್ಲ, ಚಿಕ್ಕವನಿದ್ದಾಗ ಸಿಂಬಳ ಸುರಿಸಿಕೊಂಡು ನಮ್ಮ ಹಿಂದೆ ಬರುತ್ತಿದ್ದವನು, ಅವನೀಗ ಎರಡೂ ಮಸೀದಿಗಳ ಆಡಳಿತ ನೋಡುತ್ತಾನೆ. ಒಂದು ದಿನ ಬಂದು ಕೇಳಿಸಿಕೊಂಡು, "ಅಕ್ಕಾ, ಪ್ರಶ್ನೆ ಮೇಲೆ ಪ್ರಶ್ನೆ ಕೇಳ್ತೀಯ, ಉತ್ತರಾನೇ ಇಲ್ಲ. ಇದು ಹಾಡೋ, ಪೊಲೀಸ್ ವಿಚಾರಣೆಯೋ?" ಎಂದ. ಹಾಡು ಪೂರ್ತಿ ಇಲ್ಲದಿದ್ದರೆ ಆ ದಿನ ಪರದೇಶದಿಂದ ಬಂದ ಕ್ಯಾಸೆಟ್ ಹಾಕುತ್ತಾನಂತೆ. ಯಾರೋ ಗಂಡಸಿನ ಓದು, ಚೆನ್ನಾಗಿಯೇ ಇದೆ. ಆದರೆ ನಮ್ಮ ಮಸೀದಿಯಲ್ಲಿ, ನಮ್ಮ ದಿನ, ನಾವು ಬಾಯಿ ಮುಚ್ಚಿಕೊಂಡು ಡಬ್ಬಿಯ ಮುಂದೆ ಕೂರಬೇಕು. ಒಮ್ಮೆ ಡಬ್ಬಿ ಬಂದರೆ ಮತ್ತೆ ಹೋಗುವುದಿಲ್ಲ.

ನಿನಗೆ ಸಂಕೋಚವಿರಬಹುದು. ಅಂದು ಎಲ್ಲರ ಮುಂದೆ ನೀನು ಏಳನೆಯದನ್ನು ಮರೆತು ಕಂಬದ ಹಾಗೆ ನಿಂತೆ. ನಾನಲ್ಲವೇ "ಮರೆತುಬಿಟ್ಟಳು" ಎಂದು ಹೇಳಿ, ಬಾಯಿಗೆ ಬಂದ ಉತ್ತರ ಸೇರಿಸಿ ಹಾಡು ಮುಗಿಸಿ, ನಿನ್ನ ಮಾನ ಉಳಿಸಿದ್ದು. ಜನ ನಕ್ಕರು, ನಿಜ. "ಏಳು ಸಾಲು ನೆನಪಿಡಲಾರದವಳು ಆಹುಂಗ್ ಆಗ್ತಾಳಾ?" ಎಂದರು. ನಿಮ್ಮಮ್ಮ ನಾಚಿಕೊಂಡು ನಿನ್ನ ಓದು ಬಿಡಿಸಿ, ವಸಂತ ಬರುವಷ್ಟರಲ್ಲಿ ಆ ಚರ್ಮದ ವ್ಯಾಪಾರಿಗೆ ಕೊಟ್ಟು ಪಶ್ಚಿಮಕ್ಕೆ ಕಳಿಸಿದಳು. ಅದೆಲ್ಲ ಐವತ್ತು ವರ್ಷದ ಹಿಂದಿನ ಮಾತು. ನಾನು ಮನಸ್ಸಿನಲ್ಲಿಟ್ಟುಕೊಂಡಿಲ್ಲ. ನೀನೂ ಇಟ್ಟುಕೊಳ್ಳಬೇಡ.

ಉತ್ತರಗಳನ್ನು ಬೇಗ ಕಳಿಸು.

ನಿನ್ನ ಜೊತೆ ಒಂದೇ ಚಾಪೆಯ ಮೇಲೆ ಕೂತಿದ್ದ
ರುಕೈಯಾ


ಉಪ್ಪಿನ ಓಣಿ
೨೧ ಡಿಸೆಂಬರ್ ೧೯೮೬

ಮೈಮುನಾ,

ಆರು ವಾರವಾಯಿತು. ಅಂಚೆಯವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಹಿಟ್ಟಿನ ಕೈಯಲ್ಲೇ ಓಡಿ ಬರುತ್ತೇನೆ. ಓಣಿಯವರು ನನಗೆ ಈ ವಯಸ್ಸಿನಲ್ಲಿ ಯಾರ ಕಾಗದ ಬರಬೇಕಪ್ಪಾ ಎಂದು ಆಡಿಕೊಳ್ಳುತ್ತಿದ್ದಾರೆ.

ನಿನಗೆ ಕೋಪ ಇದ್ದರೆ ನನಗೂ ಇದೆ. ಗುರುತಾಯಿಯ ಪದ್ಧತಿ ನೆನಪಿದೆಯೇ? ನನಗೆ ಬೆಳಗಿನ ನಮಾಜಾದ ಮೇಲೆ ಪಾಠ, ನಿನಗೆ ಸಂಜೆಯ ದಿಗರ್ ನಮಾಜಾದ ಮೇಲೆ. ದಿನ ಬರುವವರೆಗೆ ಒಬ್ಬಳ ಪಾಲು ಇನ್ನೊಬ್ಬಳ ಕಿವಿಗೆ ಬೀಳಕೂಡದು. "ಉತ್ತರ ಮೊದಲೇ ಗೊತ್ತಿದ್ದರೆ ಪ್ರಶ್ನೆ ಸತ್ತ ಹಾಗೆ," ಎನ್ನುತ್ತಿದ್ದಳು. ನನಗೆ ಆಗಲೇ ತಿಳಿದಿತ್ತು. ಜಾಣೆಗೆ ಉತ್ತರ ಕೊಟ್ಟಳು, ದಡ್ಡಿಗೆ ಪ್ರಶ್ನೆ ಕೊಟ್ಟಳು. ಜಾಣೆ ಮರೆತಳು, ದಡ್ಡಿ ಮರೆಯಲಿಲ್ಲ. ಆದರೂ ಮರುದಿನ ಗುರುತಾಯಿ ಬೈದದ್ದು ಯಾರಿಗೆ? ನನಗೆ. ಬೈಗುಳವೂ ಅಲ್ಲ. ಹೂಜಿಗೆ ನೀರು ತುಂಬುತ್ತಿದ್ದೆ. ಹಿಂದೆ ಬಂದು ನಿಂತು, "ನಿನಗೆ ಬಾಯಿಯಷ್ಟೇ ಕಿವಿಯೂ ಇದ್ದಿದ್ದರೆ ಚೆನ್ನಾಗಿತ್ತು," ಎಂದಳು. ಅಷ್ಟೇ. ಆ ಹಾಡನ್ನು ಮತ್ತೆ ಯಾರಿಗೂ ಕಲಿಸಲಿಲ್ಲ. ಯುದ್ಧ ಬಂತು, ಅವಳು ಹೋದಳು, ಪುಸ್ತಕ ಸುಡುವ ಕಾಲದಲ್ಲಿ ಅವಳ ಕೈಬರಹವೂ ಹೋಯಿತು. ನನ್ನ ಕಿವಿಗೆ ಏನಾಗಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಬರೆಯುವುದಿಲ್ಲವೆಂದಾದರೂ ಬರೆ.

ರುಕೈಯಾ


ಲಿನ್‌ಶಿಯಾ
೮ ಜನವರಿ ೧೯೮೭

ರುಕೈಯಾ,

ಅಕ್ಷರ ಮರೆತಿಲ್ಲ. ಓದಲು ನಾಲ್ಕು ದಿನ ಹಿಡಿಯಿತು, ಬರೆಯಲು ಆರು. ನಡುವಿನ ವಾರಗಳು ನಿನ್ನ ಮೊದಲ ಕಾಗದವನ್ನು ಒಲೆಗೆ ಹಾಕಲೋ ಬೇಡವೋ ಎಂದು ಯೋಚಿಸಿದ್ದಕ್ಕೆ ಹೋದವು. ಹಾಕಲಿಲ್ಲ.

ಗಂಡ ಹೋಗಿ ಒಂಬತ್ತು ವರ್ಷ. ಮಗ ಚಹಾ ಅಂಗಡಿ ಇಟ್ಟಿದ್ದಾನೆ, ಧರ್ಮಭೀರು, ಒಳ್ಳೆಯವನು. ಇಲ್ಲಿ ಹೆಂಗಸರ ಮಸೀದಿ ಎಂದರೆ ಅದೇನೆಂದು ಕೇಳುತ್ತಾರೆ. ಮನೆಯಲ್ಲೇ ನಮಾಜು. ಹೆಣ್ಣಿನ ದನಿ ಅಂಗಳದ ಗೋಡೆ ದಾಟಬಾರದು. ಮದುವೆಯಾಗಿ ಬಂದ ಮೊದಲ ವಾರ ನಾನು ಹಿಟ್ಟು ನಾದುತ್ತ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಅತ್ತೆ ಬಂದು ನನ್ನ ಬಾಯಿಯ ಮೇಲೆ ಹಿಟ್ಟಿನ ಕೈ ಇಟ್ಟಳು. ಆಮೇಲೆ ತುಟಿಯಲ್ಲೇ ಹೇಳಿಕೊಂಡೆ. ಐವತ್ತು ವರ್ಷ ತುಟಿಯಲ್ಲೇ. ಸೊಸೆ ನನಗೆ ಹಲ್ಲುನೋವೆಂದು ತಿಳಿದಿದ್ದಾಳೆ.

ಉತ್ತರಗಳು ಇವೆ. ಆದರೆ ಯಾವ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೇನೆಂದು ನನಗೇ ಗೊತ್ತಿಲ್ಲ. ನಿನ್ನ ಬಾಯಿಂದ ಒಮ್ಮೆ ಕೇಳಿದ್ದು, ಅದೂ ಹೆದರಿಕೆಯಲ್ಲಿ, ಒಂದೂ ನೆನಪಿಲ್ಲ. 'ಬಾಗಿಲು ತೆರೆದೆ, ಇದ್ದದ್ದು ಅದೊಂದೇ' ಎಂದು ನಲವತ್ತು ಸಾವಿರ ಸಲ ಹೇಳಿರಬಹುದು. ಏನನ್ನು ಕೇಳಿದ್ದಕ್ಕೆ?

ನೀನು ಪ್ರಶ್ನೆ ಕಳಿಸು. ನಾನು ಉತ್ತರ ಕಳಿಸುತ್ತೇನೆ. ಕ್ರಮವಾಗಿ, ಒಂದೊಂದಾಗಿ.

ಇನ್ನೊಂದು ಮಾತು. ಗುರುತಾಯಿ ಪ್ರಶ್ನೆಯನ್ನು ಒಳ್ಳೆಯ ದನಿಯವಳಿಗೆ ಕೊಟ್ಟಳು, ಹಿಂದೆ ಹೋಗುವವಳಿಗೆ ಉತ್ತರ ಕೊಟ್ಟಳು ಎಂದು ನಾನು ಹೊಟ್ಟೆ ಉರಿದುಕೊಂಡಿದ್ದೆ. ಹೂಜಿಯ ಮುಚ್ಚಳ ಎಸೆದ ಜಗಳ ಅದಕ್ಕೇ ಅಲ್ಲವೇ.

ಮೈಮುನಾ


ಉಪ್ಪಿನ ಓಣಿ
೧೯ ಜನವರಿ ೧೯೮೭

ಮೈಮುನಾ,

ಅದಕ್ಕೇ. ನೀನು "ಮುಂದೆ ಹೋಗೋ ಕತ್ತೆ" ಎಂದಿದ್ದೆ. ಈಗ ಅರ್ಥವಾಯಿತು.

ಒಂದೊಂದಾಗಿ ಕಳಿಸಿದರೆ ರಂಜಾನು ಬಂದು ಹೋಗುತ್ತದೆ. ಈಗ ಮೂರು ಕಳಿಸುತ್ತೇನೆ.

ಮೊದಲನೆಯದು: ಬೆಳಕು ಹರಿಯುವ ಮುಂಚೆ ಎದ್ದವಳೇ, ಮೊದಲು ಏನು ತೊಳೆದೆ?
ಎರಡನೆಯದು: ಎರಡು ಕೈ ಎದೆಗೆ ಕಟ್ಟಿ ಏಕೆ ನಿಂತೆ?
ಮೂರನೆಯದು: ಹಣೆ ಇಟ್ಟಾಗ ನೆಲ ನಿನಗೆ ಏನೆಂದಿತು?

ಲಾನ್ ಹತ್ತಿರ ಮೂರನೆಯದನ್ನು ಹೇಳಿದೆ. "ನೆಲ ಏನಂತು ಅಜ್ಜೀ?" ಎಂದಳು. "ಕಾಯಿ, ಲಿನ್‌ಶಿಯಾದಿಂದ ಬರುತ್ತೆ," ಎಂದೆ. ಈಗ ಅವಳೂ ಅಂಚೆಯವನ ದಾರಿ ನೋಡುತ್ತಿದ್ದಾಳೆ. ಸಾಯ್ ಆಹುಂಗ್ ಅಂತೂ ದಿನಕ್ಕೆರಡು ಸಲ ನನ್ನ ಒಲೆಯ ಹತ್ತಿರ ಸುಮ್ಮನೆ ಬಂದು ಹೋಗುತ್ತಾಳೆ.

ರುಕೈಯಾ


ಲಿನ್‌ಶಿಯಾ
೬ ಫೆಬ್ರವರಿ ೧೯೮೭

ರುಕೈಯಾ,

ಮೊದಲನೆಯದು: ಬಾಯಿ ತೊಳೆದೆ, ನಿನ್ನೆಯ ಮಾತು ಹೋಗಲೆಂದು.
ಎರಡನೆಯದು: ಬೀಸುವ ಕಲ್ಲು ನಿಂತಿತೆಂದು ಮನೆಗೆ ತಿಳಿಯಲೆಂದು.
ಮೂರನೆಯದು: ಇಷ್ಟು ಬೇಗ ಬಂದೆಯಾ, ಇನ್ನೂ ಹಾಸಿಲ್ಲವಲ್ಲ, ಎಂದಿತು.

ಮೂರನೆಯದರ ಪ್ರಶ್ನೆ ಓದಿ ನಾನು ರೊಟ್ಟಿ ಸುಡುವುದು ಮರೆತೆ. ಅದು ಯಾರೋ ಅತಿಥಿ ಬಂದಾಗ ಹೇಳುವ ಮಾತೆಂದು ಇಷ್ಟು ವರ್ಷ ತಿಳಿದಿದ್ದೆ. ಹಾಸಿಗೆ, ಚಹಾ, ಅಂಥದ್ದೇನೋ. ನೆಲ ಹೇಳಿದ್ದು ಎಂದು ಈಗ ಗೊತ್ತಾಯಿತು. ಆ ದಿನವೆಲ್ಲ ಹಣೆ ಇಟ್ಟಾಗಲೆಲ್ಲ ಸ್ವಲ್ಪ ಹೊತ್ತು ಹೆಚ್ಚೇ ಇಟ್ಟೆ.

ಉಳಿದವು ಕಳಿಸು. ಬೇಗ.

ಮೈಮುನಾ


ಉಪ್ಪಿನ ಓಣಿ
೧೭ ಫೆಬ್ರವರಿ ೧೯೮೭

ಮೈಮುನಾ,

ಮೊದಲನೆಯ ಉತ್ತರ ನನ್ನನ್ನು ನೋಡಿಯೇ ಕಟ್ಟಿದ್ದಾರೆಂದು ಓಣಿಯ ಹೆಂಗಸರ ತೀರ್ಮಾನ. ಸಾಯ್ ಆಹುಂಗ್ ನಗು ತಡೆಯಲು ತಲೆವಸ್ತ್ರ ಬಾಯಿಗೆ ತುಂಬಿಕೊಂಡಳು. ಮೂರನೆಯದಕ್ಕೆ ಯಾರೂ ನಗಲಿಲ್ಲ. ಹೆಣ ತೊಳೆಯುವುದು ಇಲ್ಲಿ ನನ್ನ ಕೆಲಸ. ಮುನ್ನೂರು ಹೆಂಗಸರನ್ನಾದರೂ ತೊಳೆದು ಕಳಿಸಿದ್ದೇನೆ. ನೆಲ ಹಾಗೆ ಕೇಳುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾಲ್ಕನೆಯದು: ಅಮ್ಮ ಫಾತಿಮಾ ಬೀಸುವಾಗ ಹಾಡಿದವರು ಯಾರು?
ಐದನೆಯದು: ಏನೂ ಇಲ್ಲದ ಮನೆಯಲ್ಲಿ ಬಂದವನಿಗೆ ಏನು ಕೊಟ್ಟೆ?
ಆರನೆಯದು: ಲೆಕ್ಕದ ದಿನ ಕೈಗೆ ಬರುವ ಪುಸ್ತಕ, ಓದು ಬಾರದವಳು ಏನು ಮಾಡಲಿ?
ಏಳನೆಯದು: ಖುದಾ ನಿನ್ನನ್ನು ಹೆಸರು ಹಿಡಿದು ಕರೆದರೆ, ಮೊದಲ ಮಾತು ಏನಾಡುತ್ತೀ?

ಏಳನೆಯದಕ್ಕೆ ನಾನು ಅಂದು ಬಾಯಿಗೆ ಬಂದಂತೆ, "ಇಗೋ ಬಂದೆ ಒಡೆಯಾ, ಅಂತೀನಿ," ಎಂದಿದ್ದೆ. ಕೆಲಸದವಳನ್ನು ಕರೆದ ಹಾಗೆ. ನಿಜವಾದದ್ದು ಏನು? ಮರೆತಿದ್ದೇನೆಂದು ಹೇಳಬೇಡ. ಐವತ್ತು ವರ್ಷದಲ್ಲಿ ಒಮ್ಮೆಯಾದರೂ ನೆನಪಾಗಿರಬೇಕು.

ರುಕೈಯಾ


ಲಿನ್‌ಶಿಯಾ
೧೮ ಮಾರ್ಚ್ ೧೯೮೭

ನಾಲ್ಕನೆಯದು: ಕಲ್ಲೇ ಬೀಸಿತು, ಕಲ್ಲೇ ಹಾಡಿತು, ಅಮ್ಮ ದಣಿದು ಮಲಗಿದ್ದಳು.
ಐದನೆಯದು: ಬಾಗಿಲು ತೆರೆದೆ, ಇದ್ದದ್ದು ಅದೊಂದೇ.
ಆರನೆಯದು: ಬರೆದವನೇ ಓದಲಿ, ನಾನು ಕೇಳುತ್ತೇನೆ.
ಏಳನೆಯದು:

ಮೈಮುನಾ


ಉಪ್ಪಿನ ಓಣಿ
೩೦ ಮಾರ್ಚ್ ೧೯೮೭

ಮೈಮುನಾ,

ನಿನ್ನ ಕಾಗದದ ಕೊನೆಯ ಹಾಳೆ ದಾರಿಯಲ್ಲಿ ಕಳೆದುಹೋಗಿದೆ. 'ಏಳನೆಯದು' ಎಂದು ಬರೆದಿದ್ದೀಯ, ಮುಂದೆ ಖಾಲಿ, ಆಮೇಲೆ ನಿನ್ನ ಹೆಸರು. ಮಸಿ ಅಳಿಸಿತೋ ಎಂದು ದೀಪದ ಮುಂದೆ ಹಿಡಿದು ನೋಡಿದೆ. ಲಾನ್ ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಒತ್ತಿ ನೋಡಿದಳು; ಸಿನಿಮಾದಲ್ಲಿ ಗೂಢಚಾರರು ಹಾಗೆ ಮಾಡುತ್ತಾರಂತೆ. ಏನೂ ಏಳಲಿಲ್ಲ.

ಅಂಚೆ ಕಚೇರಿಗೆ ಹೋಗಿ ಜಗಳವಾಡಿ ಬಂದೆ. ಕಿಟಕಿಯ ಹಿಂದೆ ಕೂತ ಹುಡುಗಿ ಲಕೋಟೆ ತಿರುಗಿಸಿ ನೋಡಿ, "ಅಜ್ಜೀ, ಅಂಟು ಬಿಚ್ಚೇ ಇಲ್ಲ. ಒಳಗಿದ್ದದ್ದು ಒಳಗೇ ಇದೆ," ಎಂದಳು.

"ಒಳಗೆ ಏನೂ ಇಲ್ಲವಲ್ಲೇ," ಎಂದೆ.

"ಹಾಗಾದ್ರೆ ಏನೂ ಇಲ್ಲದ್ದನ್ನೇ ಕಳಿಸಿರ್ತಾರೆ," ಎಂದಳು. ಎಂಥ ಉದ್ಧಟ ಹುಡುಗಿ.

ಏಳನೆಯದನ್ನು ಮತ್ತೆ ಬರೆ. ನೋಂದಾಯಿತ ಅಂಚೆಯಲ್ಲಿ ಕಳಿಸು.

ರುಕೈಯಾ


ಉಪ್ಪಿನ ಓಣಿ
೪ ಏಪ್ರಿಲ್ ೧೯೮೭

ಮೈಮುನಾ,

ಹಿಂದಿನ ಕಾಗದ ನಿನಗೆ ತಲುಪುವ ಮುಂಚೆಯೇ ಇದನ್ನು ಬರೆಯುತ್ತಿದ್ದೇನೆ. ತಲುಪಿದ್ದರೆ ಒಲೆಗೆ ಹಾಕು. ಮೊದಲನೆಯದನ್ನೂ ಹಾಕು. ಅದರಲ್ಲಿ ನಿನ್ನ ಮಾನ ಉಳಿಸಿದೆನೆಂದು ಬರೆದಿದ್ದೆ.

ನಿನ್ನೆ ಶುಕ್ರವಾರ ಹಾಡು ಕೂಡಿಸಿ ನೋಡಿದೆವು. ನಾನು ಬಾಗಿಲ ಕಡೆ ನಿಂತೆ, ಸಾಯ್ ಆಹುಂಗ್ ಗೋಡೆಯ ಕಡೆ, ನಿನ್ನ ಜಾಗದಲ್ಲಿ. ಇಪ್ಪತ್ತು ಹೆಂಗಸರು ನಡುವೆ ಕೂತಿದ್ದರು. ಆರು ಆಯಿತು. ಏಳನೆಯದನ್ನು ನಾನು ಕೇಳಿದೆ. ಉತ್ತರ ಬಂದಿಲ್ಲವೆಂದು ಅವಳಿಗೆ ಗೊತ್ತು, ನನಗೂ ಗೊತ್ತು. ಆದರೂ ಕೇಳಿದೆ, ದನಿ ಅಲ್ಲಿಗೆ ತಾನೇ ಹೋಗುತ್ತದೆ. ಅವಳು ಸುಮ್ಮನೆ ನಿಂತಳು. ಹೇಳಲು ಏನೂ ಇಲ್ಲದವಳು ಇನ್ನೇನು ಮಾಡುತ್ತಾಳೆ.

ನಾನು ಬಾಯಿ ತೆರೆದೆ. ಅವಳು ಒಂದು ಬೆರಳು ಎತ್ತಿದಳು. ಯಾರೂ ಅಲುಗಲಿಲ್ಲ. ತೊಳೆಯುವ ಕೋಣೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಆಗ ಗುರುತಾಯಿ ನನ್ನ ಬೆನ್ನಿನ ಹಿಂದೆ ನಿಂತ ಹಾಗಾಯಿತು, ನಾನು ಹೂಜಿ ತುಂಬುತ್ತಿದ್ದೆ, ಅವಳು ಕಿವಿಯ ಬಗ್ಗೆ ಆ ಮಾತನ್ನೇ ಮತ್ತೆ ಆಡಿದಳು.

ನೀನು ಮರೆತಿರಲಿಲ್ಲ. ಖುದಾ ಹೆಸರು ಹಿಡಿದು ಕರೆದರೆ ಯಾರಿಗೆ ಮಾತು ಬರುತ್ತದೆ? ಸುಮ್ಮನಿರುವುದೇ ಏಳನೆಯ ಉತ್ತರ. ಅದನ್ನು ಗುರುತಾಯಿ ನಿನಗೆ ಕಲಿಸಿದ್ದಳು. ನೀನು ಸರಿಯಾಗಿ ಹೇಳುತ್ತಿದ್ದೆ. ಒಂದು ಉಸಿರು ಕೂಡ ಮುಗಿದಿರಲಿಲ್ಲ, ನಾನು "ಮರೆತುಬಿಟ್ಟಳು" ಎಂದು ಕೂಗಿ ಅದರ ಮೇಲೆ ಕಾಲಿಟ್ಟೆ.

ನೀನೇಕೆ ಹೇಳಲಿಲ್ಲ? ಮರುದಿನ, ಮದುವೆಗೆ ಮುಂಚೆ, ಗಾಡಿ ಹತ್ತುವಾಗ? ನಾನು ನಿನಗೆ ದಾರಿಗೆಂದು ರೊಟ್ಟಿ ತಂದುಕೊಟ್ಟೆ. ನೀನು ತೆಗೆದುಕೊಂಡೆ.

ಆಹುಂಗ್ ಆಗಬೇಕಾದವಳು ನೀನು. ಆಹುಂಗ್ ಆದವಳು ತೊಡುವ ನಿಲುವಂಗಿಯನ್ನು ಗುರುತಾಯಿ ನಿನಗೆಂದು ಹೊಲಿಸಿಟ್ಟಿದ್ದಳು; ಅವಳು ಸತ್ತಾಗ ಪೆಟ್ಟಿಗೆಯಲ್ಲಿ ಸಿಕ್ಕಿತು, ಯಾರ ಅಳತೆಯೆಂದು ಯಾರೂ ಕೇಳಲಿಲ್ಲ. ನನಗೆ ಗೊತ್ತಿತ್ತು, ನಾನೂ ಹೇಳಲಿಲ್ಲ.

ಹೆಣ ತೊಳೆಯುವಾಗ ಮನೆಯವರನ್ನು ಕೇಳುತ್ತೇನೆ, ಇವಳು ಯಾರ ಹತ್ತಿರವಾದರೂ ಮಾಫಿ ಕೇಳುವುದು ಉಳಿದಿದೆಯೇ ಎಂದು. ನಮ್ಮಲ್ಲಿ ಮಾಫಿ ಬಾಯಿಮಾತಿನದೇ ಆಗಬೇಕು. ನೊಂದವಳು ತನ್ನ ಬಾಯಿಂದ 'ಕೊಟ್ಟೆ' ಎನ್ನಬೇಕು, ಇಲ್ಲದಿದ್ದರೆ ಹೊರೆ ಇಳಿಯುವುದಿಲ್ಲ. ನನ್ನನ್ನು ತೊಳೆಯುವವರು ಕೇಳಿದರೆ ಲಾನ್ ಏನು ಹೇಳಬೇಕು?

ನಾನು ಕೇಳುತ್ತಿದ್ದೇನೆ, ಮೈಮುನಾ.

ರುಕೈಯಾ


ಲಿನ್‌ಶಿಯಾ
೧೯ ಏಪ್ರಿಲ್ ೧೯೮೭

ರುಕೈಯಾ,

'ಏನೂ ಇಲ್ಲದ್ದನ್ನೇ ಕಳಿಸಿರ್ತಾರೆ' ಎಂದ ಅಂಚೆಯ ಹುಡುಗಿಗೆ ಒಂದು ಎಳ್ಳುರೊಟ್ಟಿ ಕೊಡು.

ಏಕೆ ಹೇಳಲಿಲ್ಲವೆಂದರೆ, ಆ ಉತ್ತರವನ್ನು ಬಾಯಿಬಿಟ್ಟು ವಿವರಿಸಿದರೆ ಅದು ಉತ್ತರವಾಗಿ ಉಳಿಯುವುದಿಲ್ಲ ಎಂದು ಗುರುತಾಯಿ ಹೇಳಿದ್ದಳು. ಕೇಳಿಸಿಕೊಂಡವಳಿಗೆ ಕೇಳಿಸಬೇಕು. ನಾನು ಹದಿನಾಲ್ಕು ವರ್ಷದವಳು, ಮಾತು ಕೊಟ್ಟಿದ್ದೆ. ಅವಳು ಎರಡು ಸಲ ನಮ್ಮಮ್ಮನ ಬಳಿಗೆ ಬಂದಳು. ಅಮ್ಮ ಬಾಗಿಲು ತೆರೆಯಲಿಲ್ಲ.

ರೊಟ್ಟಿ ತೆಗೆದುಕೊಂಡೆ, ಏಕೆಂದರೆ ದಾರಿ ಉದ್ದವಿತ್ತು.

ಮಾಫಿಯ ವಿಷಯ ಈಗ ಬೇಡ. ಹದಿನಾಲ್ಕನೆಯ ದಿನ ಹತ್ತಿರ ಬಂತು. ನನ್ನ ಮೊಣಕಾಲು ಎರಡು ದಿನದ ರೈಲನ್ನು ಉಪವಾಸದಲ್ಲಿ ತಡೆಯುವುದಿಲ್ಲ. ಆದರೆ ನನಗೊಂದು ಯೋಚನೆ ಬಂದಿದೆ. ಆರು ಉತ್ತರಗಳನ್ನು ಸಾಯ್ ಆಹುಂಗ್ ಹೇಳಲಿ. ಏಳನೆಯದನ್ನು ಹೇಳಲು ನಾನು ಅಲ್ಲಿರಬೇಕಾಗಿಲ್ಲವಲ್ಲ. ಇಲ್ಲಿ ಅಂಗಳದಲ್ಲಿ ನಿಂತು ನಾನೂ ಅದೇ ಹೊತ್ತಿಗೆ ಹಾಡು ಹೇಳಿ ಸುಮ್ಮನಾದರೆ, ಇಬ್ಬರದೂ ಒಂದೇ ಉಸಿರು. ಗಟ್ಟಿಯಾಗಿಯೇ ಹೇಳುತ್ತೇನೆ. ಮಗ ಏನೆನ್ನುತ್ತಾನೋ ಗೊತ್ತಿಲ್ಲ. ಅರವತ್ತೈದು ವರ್ಷವಾಯಿತು, ಒಮ್ಮೆ ನನ್ನ ದನಿ ಗೋಡೆ ದಾಟಿದರೆ ಹೇಗಿರುತ್ತದೆಂದು ತಿಳಿಯಬೇಕು.

ನಿಮ್ಮಲ್ಲಿ ಚಂದ್ರ ಯಾವತ್ತು ಕಂಡಿತೆಂದು ತಂತಿ ಕೊಡು. ಇಲ್ಲಿ ಕೆಲವು ವರ್ಷ ಒಂದು ದಿನ ಹಿಂದೆ ಮುಂದೆ ಆಗುತ್ತದೆ. ದಿನ ತಪ್ಪಿದರೆ ಎಲ್ಲ ತಪ್ಪಿತು. ದಿಗರ್ ನಮಾಜಾದ ಕೂಡಲೇ ಶುರು ಮಾಡೋಣ, ಗುರುತಾಯಿಯ ಕಾಲದಂತೆ.

ಮೈಮುನಾ


ತಂತಿ, ಕೈಫೆಂಗ್
೩೦ ಏಪ್ರಿಲ್ ೧೯೮೭

ನಿನ್ನೆ ಸಂಜೆ ಚಂದ್ರ ಕಂಡಿತು. ಹದಿನಾಲ್ಕನೆಯ ದಿನ ಮೇ ೧೩. ದಿಗರ್ ಆದ ಕೂಡಲೇ. ತಪ್ಪಿಸಬೇಡ. ರುಕೈಯಾ


ಉಪ್ಪಿನ ಓಣಿ
೧೫ ಮೇ ೧೯೮೭

ಮೈಮುನಾ,

ಆಯಿತು.

ಅರವತ್ತು ಹೆಂಗಸರು. ಬಾಗಿಲ ಹೊರಗೆ ಹಿರಿಯ ಮೂ ಮೊಣಕಾಲ ಮೇಲೆ ಕ್ಯಾಸೆಟ್ ಡಬ್ಬಿ ಇಟ್ಟುಕೊಂಡು ಕೂತಿದ್ದ. "ಅಕ್ಕಾ, ಎಲ್ಲಾದ್ರೂ ನಿಂತುಹೋದ್ರೆ ನಾನಿದ್ದೀನಿ," ಎಂದ. "ನಿಂತುಹೋಗೋ ಜಾಗ ಒಂದಿದೆ, ಅಲ್ಲಿ ನೀನು ಬೆರಳು ಆಡಿಸಿದ್ರೆ ಮುರೀತೀನಿ," ಎಂದೆ.

ಆರೂ ಸರಾಗವಾಗಿ ಬಂದವು. ಬೀಸುವ ಕಲ್ಲಿನ ಉತ್ತರಕ್ಕೆ ಹಿಂದಿನ ಸಾಲಿನಲ್ಲಿ ಯಾರೋ ಅತ್ತರು. ಓದು ಬಾರದವಳ ಉತ್ತರಕ್ಕೆ ಮುದುಕಿಯರೆಲ್ಲ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆಮೇಲೆ ನಾನು ಏಳನೆಯದನ್ನು ಕೇಳಿದೆ.

ನನ್ನ ನಾಲಿಗೆ ನಿನಗೆ ಗೊತ್ತು. ಹಲ್ಲುಗಳ ಹಿಂದೆ ಅದು ಬುಟ್ಟಿಯೊಳಗಿನ ಕೋಳಿಯ ಹಾಗೆ ಒದ್ದಾಡಿತು. ಒಂದು ಮಗು, "ಮರ್ತುಹೋದ್ರಾ?" ಎಂದು ಕೇಳಿತು, ತಾಯಿ ಬಾಯಿ ಮುಚ್ಚಿಸಿದಳು. ಹೊರಗೆ ಮೂ ಬೆರಳು ಗುಂಡಿಯ ಮೇಲಿಟ್ಟದ್ದು ಕಾಣಿಸಿತು. ಅವನ ಮುಖ ನೋಡಿದೆ. ಬೆರಳು ತೆಗೆದ. ಒಂದು ಉಸಿರು ಹೋಯಿತು, ಇನ್ನೊಂದೂ ಹೋಯಿತು. ಈಗ ಮೈಮುನಾ ಕೂಡ ಸುಮ್ಮನಿದ್ದಾಳೆ, ಇದೇ ಕ್ಷಣ, ಅಲ್ಲಿ ಅಂಗಳದಲ್ಲಿ, ಎಂದುಕೊಂಡೆ. ಅದೊಂದೇ ಆಸರೆ. ಇಲ್ಲದಿದ್ದರೆ ತಡೆಯುತ್ತಿರಲಿಲ್ಲ.

ಆಮೇಲೆ ಸಾಯ್ ಆಹುಂಗ್ ತಲೆಬಾಗಿದಳು, ಎಲ್ಲರೂ ಕೈಯೆತ್ತಿದರು. ಎಣ್ಣೆಯಲ್ಲಿ ಕರಿದ ರೊಟ್ಟಿಗಳನ್ನು ಉಪವಾಸ ಬಿಡುವ ಹೊತ್ತಿಗೆಂದು ಮನೆಮನೆಗೆ ಹಂಚಿದೆವು. ಮೂ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹೋಗುವಾಗ, "ಅಕ್ಕಾ, ಆ ಕೊನೇದು ಏನು?" ಎಂದ. "ನಿನಗೆ ಕಿವಿ ಇದ್ದಿದ್ರೆ ಚೆನ್ನಾಗಿತ್ತು," ಎಂದೆ. ಪಾಪ, ಅವನೂ ಇನ್ನು ಐವತ್ತು ವರ್ಷ ಯೋಚಿಸಲಿ.

ನಿನ್ನ ಕಡೆ ಹೇಗಾಯಿತು? ಮಗ ಏನೆಂದ? ಎಲ್ಲವನ್ನೂ ಬರೆ. ಖಾಲಿ ಬಿಡಬೇಡ.

ರುಕೈಯಾ


ಲಿನ್‌ಶಿಯಾ
೨೬ ಮೇ ೧೯೮೭

ರುಕೈಯಾ,

ನಗಬೇಡ. ನಾವಿಬ್ಬರೂ ಚಂದ್ರನಿಗೆ ತಂತಿ ಕೊಟ್ಟು ಸೂರ್ಯನನ್ನು ಮರೆತೆವು.

ನಿನ್ನ ಕಾಗದವನ್ನು ಸೊಸೆಗೆ ಓದಿ ಹೇಳುತ್ತಿದ್ದೆ. ಅವಳು, "ಅತ್ತೇ, ಕೈಫೆಂಗ್ ಪೂರ್ವಕ್ಕಲ್ವಾ? ಅಲ್ಲಿ ಹೊತ್ತು ಮೊದಲೇ ಇಳಿಯುತ್ತೆ," ಎಂದಳು. ಗೋಡೆಯ ಗಡಿಯಾರ ಎರಡೂ ಊರಿಗೆ ಒಂದೇ, ಆದರೆ ದಿಗರ್ ನೆರಳು ನೋಡಿ ಬರುವುದು. ನಿಮ್ಮ ದಿಗರ್ ನಮ್ಮದಕ್ಕಿಂತ ಮುಕ್ಕಾಲು ಗಂಟೆ ಮುಂಚೆ. ನೀನು ನಾಲಿಗೆ ಕಚ್ಚಿಕೊಂಡು ನಿಂತಿದ್ದಾಗ ನಾನು ಇನ್ನೂ ಸೊಪ್ಪು ಬಿಡಿಸುತ್ತಿದ್ದೆ. ನಾನು ಸುಮ್ಮನಾದಾಗ ನೀನು ರೊಟ್ಟಿ ಹಂಚುತ್ತಿದ್ದೆ. ನೀನು ಒಬ್ಬಳೇ ತಡೆದೆ, ರುಕೈಯಾ. ಆಸರೆ ಇರಲಿಲ್ಲ.

ಆದರೂ ಹೇಳಿದೆ. ಸೊಸೆಗೆ ನಿನ್ನ ಪ್ರಶ್ನೆಗಳನ್ನು ಒಂದು ವಾರದಿಂದ ಕಲಿಸಿದ್ದೆ. ಅವಳು ಬಾವಿಯ ಹತ್ತಿರ ನಿಂತಳು, ನಾನು ಹಿಪ್ಪುನೇರಳೆ ಮರದ ಕೆಳಗೆ. ಮೊದಲ ಉತ್ತರ ಬಾಯಿಂದ ಹೊರಬಿದ್ದಾಗ ಯಾರ ದನಿಯಿದು ಎಂದು ನಾನೇ ತಿರುಗಿ ನೋಡಿದೆ. ಮುದುಕಿಯ ದನಿ. ನನ್ನ ತುಟಿಯೊಳಗೆ ಇಷ್ಟು ದಿನ ಹೇಳುತ್ತಿದ್ದವಳಿಗೆ ಹದಿನಾಲ್ಕು ವರ್ಷ.

ಮೂರನೆಯದರ ಹೊತ್ತಿಗೆ ಮಗ ಅಂಗಡಿಯಿಂದ ಬಂದ. ಬಾಗಿಲಲ್ಲೇ ನಿಂತ, ಚಪ್ಪಲಿ ಬಿಡಲಿಲ್ಲ. ಪಕ್ಕದ ಮನೆಯ ಗೋಡೆಯ ಮೇಲೆ ಎರಡು ತಲೆವಸ್ತ್ರ ಕಾಣಿಸಿದವು. ಸೊಸೆ ಏಳನೆಯದನ್ನು ಕೇಳಿದಳು. ನಾನು ಸುಮ್ಮನಾದೆ. ಮಗ ಕಾದ. ನನ್ನನ್ನು ನೋಡಿದ, ಹೆಂಡತಿಯನ್ನು ನೋಡಿದ, ಮತ್ತೆ ನನ್ನನ್ನು. ನನ್ನ ಮಗ ಮಾತಾಡಬಹುದಾದ ಕಡೆ ಮಾತಾಡದೆ ಇದ್ದದ್ದು ಹುಟ್ಟಿದ ಮೇಲೆ ಅದೇ ಮೊದಲು. ಮುಗಿದ ಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, "ಅಮ್ಮಾ, ನಿಂಗೆ ಹಲ್ಲುನೋವು ಇರ್ಲಿಲ್ವಾ?" ಎಂದ. ಪಕ್ಕದ ಮನೆಯವಳು ಮರುದಿನ ಉಪ್ಪು ಕೇಳುವ ನೆಪದಲ್ಲಿ ಬಂದು, ನೆಲ ಏನೆಂದಿತೆಂದು ಇನ್ನೊಮ್ಮೆ ಹೇಳಿ ಎಂದಳು. ಅವಳ ಮನೆಯಲ್ಲಿ ಉಪ್ಪು ಮೂಟೆಗಟ್ಟಲೆ ಇದೆ.

ಇನ್ನು ಮಾಫಿಯ ವಿಷಯ. ನೀನೇ ಬರೆದಿದ್ದೀಯ, ಅದು ಬಾಯಿಮಾತಿನದೇ ಆಗಬೇಕೆಂದು. ಕಾಗದದಲ್ಲಿ ಬರೆದರೆ ನಡೆಯುವುದಿಲ್ಲ, ತಂತಿಯಲ್ಲೂ ನಡೆಯುವುದಿಲ್ಲ. ಹಬ್ಬ ಮುಗಿದ ಮೇಲೆ ಮಗ ಟಿಕೆಟ್ ತರುತ್ತೇನೆಂದಿದ್ದಾನೆ. ಜೂನ್ ಎಂಟರಂದು ಇಳಿಯುತ್ತೇನೆ. ಸೊಸೆ ಜೊತೆಗೆ ಬರುತ್ತಾಳೆ, ಹೆಂಗಸರ ಮಸೀದಿ ಎಂದರೆ ಅದೇನೆಂದು ನೋಡಬೇಕಂತೆ.

ನಿನ್ನ ಪ್ರಶ್ನೆಯನ್ನು ನಿಲ್ದಾಣದಲ್ಲೇ ಕೇಳು, ಎಲ್ಲರ ಮುಂದೆ. ನಾನು ಕೂಡಲೇ ಉತ್ತರ ಕೊಡದಿದ್ದರೆ ಮರೆತೆನೆಂದು ಕೂಗಬೇಡ. ಸ್ವಲ್ಪ ಕಾಯಿ.

ಮೈಮುನಾ